ಇಷ್ಟಾದರೂ ಬೇಡ್ವಾ ನನಗೆ?

ನಮ್ಮ ಚರ್ಚ್ ಸಭೆಯಲ್ಲಿ ಗಂಡಸರ ಬೈಬಲ್ ಅಧ್ಯಯನ ಶನಿವಾರ ಬೆಳಗ್ಗೆ ಇರುತ್ತದೆ. ಆ ವಾರ ಪಾಠ ಮಾಡುವ ಸರದಿ ನನ್ನದು. ಇಬ್ರಿಯರಿಗೆ ಬರೆದ ಪತ್ರಿಕೆ, 11ನೇ ಅಧ್ಯಾಯ, ಮೋಶೆಯ ಭಾಗ. ಗೊತ್ತಿರೋದೇ ಅಲ್ವಾ ಅಂತ ಶುಕ್ರವಾರ ರಾತ್ರಿವರೆಗೂ ಬೈಬಲ್ ತೆಗೆದಿರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಹಾಲ್‌ನಲ್ಲಿ ಕೂತು ಓದತೊಡಗಿದೆ. 25ನೇ ವಚನಕ್ಕೆ ಬಂದು ನಿಂತುಬಿಟ್ಟೆ. ಸ್ವಲ್ಪ ಕಾಲ ಮಾತ್ರ ಇರುವ ಪಾಪಸುಖ ಬೇಡ, ದೇವರ ಜನರ ಜೊತೆ ಕಷ್ಟಪಡುವುದೇ ಲೇಸು ಅಂತ ಮೋಶೆ ಆರಿಸಿಕೊಂಡ. ಆಗ ಅವನಿಗೆ 40 ವರ್ಷ ತುಂಬುತ್ತಿತ್ತು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇದೆ. ಈಜಿಪ್ಟಿನ ಅರಸ ಫರೋಹನ ಮಗಳ ಮಗನಾಗಿ ಬೆಳೆದವನು. ತಾನು ಏನನ್ನು ಬಿಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿದ್ದವನು.

ಪಾಪದಲ್ಲಿ ಸುಖವೇ ಇಲ್ಲ ಅಂತ ಆ ವಚನ ಹೇಳುವುದಿಲ್ಲ. ಸುಖ ಇದೆ, ಆದರೆ ಬೇಗ ಮುಗಿದುಹೋಗುತ್ತದೆ ಅನ್ನುತ್ತದೆ. ಎಷ್ಟು ಬೇಗ ಅಂತ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಅದೇ ಕುರ್ಚಿಯಲ್ಲಿ ಕೂತು, ಅದೇ ಫೋನ್ ಹಿಡಿದು, ನೋಡಬಾರದ ವಿಡಿಯೋಗಳನ್ನು ಒಂದು ಗಂಟೆಯವರೆಗೂ ನೋಡಿದ್ದೆ. ಅದು ಹೊಸದೂ ಆಗಿರಲಿಲ್ಲ. ವರ್ಷಗಳಿಂದ ನಡೆದುಕೊಂಡು ಬಂದಿತ್ತು. ಭಾನುವಾರ ಆರಾಧನೆ ತಪ್ಪಿಸುತ್ತಿರಲಿಲ್ಲ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡುತ್ತಿದ್ದೆ. ಮಕ್ಕಳಿಗೆ ಪ್ರಾರ್ಥನೆ ಕಲಿಸಿದ್ದೆ. ನಾಳೆ ಹತ್ತು ಜನ ಗಂಡಸರ ಎದುರು ಮೋಶೆಯ ಬಗ್ಗೆ ಮಾತಾಡುವವನೂ ನಾನೇ.

ಮಾರನೇ ದಿನ ಪಾಠ ಹೇಗೋ ಮುಗಿಸಿದೆ. ಎಲ್ಲರೂ ಎದ್ದು ಹೋದರು. ಸಭೆಯ ಹಿರಿಯರೊಬ್ಬರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನಾನೂ ಕೈಹಾಕಿದೆ. ಆಮೇಲೆ, ಯೋಚನೆ ಮಾಡಿದರೆ ಹೇಳಲಾರೆ ಅಂತ ಅನಿಸಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. "ಅಂಕಲ್, ನಾನು ರಾತ್ರಿ ಹೊತ್ತು ಫೋನಲ್ಲಿ ಕೊಳಕು ನೋಡ್ತೀನಿ. ಬಿಡಕ್ಕಾಗ್ತಿಲ್ಲ."

ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. ಅದರ ಮೇಲೆ ತಾವೇ ಕೂತರು. ನನಗೂ ಒಂದು ಎಳೆದುಕೊಟ್ಟರು. ಬೈಯಬಹುದು ಅಂದುಕೊಂಡಿದ್ದೆ, ಇಲ್ಲಾ ತಕ್ಷಣ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬಹುದು ಅಂತ. ಎರಡೂ ಮಾಡಲಿಲ್ಲ. "ಎಷ್ಟು ಹೊತ್ತಿಗೆ ನೋಡ್ತೀಯಪ್ಪಾ? ಎಲ್ಲಿ ಕೂತಿರ್ತೀಯ? ಅವತ್ತು ಸಂಜೆ ಏನಾಗಿರತ್ತೆ?" ಅಂತ ಕೇಳಿದರು. ಮೊದಲ ಎರಡಕ್ಕೆ ಉತ್ತರ ಇತ್ತು. ಮೂರನೆಯದಕ್ಕೆ ಇರಲಿಲ್ಲ. ಎರಡು ವಾರ ಬರೆದಿಡು, ಆಮೇಲೆ ಮಾತಾಡೋಣ ಅಂದರು. ಪ್ರಾರ್ಥನೆ ಅದಾದ ಮೇಲೆ ಮಾಡಿದರು. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ, ವಾಸಿಯಾಗುವಂತೆ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಅಂತ ಯಾಕೋಬನ ಪತ್ರಿಕೆಯಲ್ಲಿ ಇರುವುದನ್ನು ಎಷ್ಟೋ ಸಲ ಓದಿದ್ದೆ. ಹಾಗೆ ಮಾಡಿದ್ದು ಅದೇ ಮೊದಲು.

ಆ ಎರಡು ವಾರದ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಪ್ರತಿ ಪುಟದಲ್ಲಿ ಮೂರು ಸಾಲು: ಎಷ್ಟು ಗಂಟೆ, ಏನು ಮಾಡಿದೆ, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು. ಮೊದಲ ದಿನಗಳಲ್ಲಿ ಮೂರನೇ ಸಾಲಿನಲ್ಲಿ "ಆಸೆ" ಅಂತ ಸುಮ್ನೆ ಬರೆದಿದ್ದೇನೆ. ಐದನೇ ದಿನ ಬೇರೆ ಏನೋ ಇದೆ. ಅವತ್ತು ಆಫೀಸಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡಿದ್ದೆ. ಮನೆಗೆ ಬಂದಾಗ ಯಾರೂ ಸರಿಯಾಗಿ ಮಾತಾಡಿಸಲಿಲ್ಲ ಅಂತ ಅನಿಸಿತ್ತು. ಫೋನ್ ತೆಗೆಯುವ ಮುಂಚೆ ಮನಸ್ಸಿನಲ್ಲಿ ಬಂದ ಮಾತನ್ನು ಹಾಗೆಯೇ ಬರೆದಿದ್ದೇನೆ: "ಇಷ್ಟೆಲ್ಲ ದುಡಿತೀನಿ. ಇಷ್ಟಾದರೂ ಬೇಡ್ವಾ ನನಗೆ?"

ಆಮೇಲೆ ಗಮನಿಸಿದರೆ ಆ ಮಾತು ಎಲ್ಲ ಕಡೆಯೂ ಇತ್ತು. ತಿಂಗಳ ಕೊನೆಯಲ್ಲಿ ಸ್ನೇಹಿತರ ಜೊತೆ ಕುಡಿಯಕ್ಕೆ ಕೂತಾಗ ಅದೇ ಮಾತು. ಸಭೆಯಲ್ಲಿ ಯಾರಿಗೋ ಸಹಾಯ ಬೇಕಾದಾಗ ಬ್ಯುಸಿ ಇದ್ದೀನಿ ಅಂತ ಸುಳ್ಳು ಹೇಳಿ ಸೋಫಾದ ಮೇಲೆ ಬಿದ್ದುಕೊಂಡಾಗಲೂ ಅದೇ. ನಾನು ಹೋರಾಡಬೇಕಾದದ್ದು ಕಾಮದ ಜೊತೆ ಅಂದುಕೊಂಡಿದ್ದೆ. ಅದೂ ನಿಜವೇ. ಆದರೆ ಅದರ ಕೆಳಗೆ, ದೇವರು ನನಗೆ ಏನೋ ಬಾಕಿ ಇಟ್ಟಿದ್ದಾನೆ, ಅದನ್ನು ನಾನೇ ವಸೂಲಿ ಮಾಡಿಕೊಳ್ಳುತ್ತೇನೆ ಅನ್ನೋ ಭಾವನೆ ಕೂತಿತ್ತು. ಅದನ್ನು ಕಂಡಾಗ ನನಗೆ ನಿಜವಾಗಿ ಹೆದರಿಕೆ ಆಯಿತು. ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಹೆದರಿಕೆ.

ನೋಟ್‌ಬುಕ್ ನೋಡಿ ಹಿರಿಯರು ಹಳೇ ಕಾಲದ ಕ್ರೈಸ್ತ ಗುರು ಅಗಸ್ಟಿನ್ ಬಗ್ಗೆ ಹೇಳಿದರು. ನನಗೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ ಅಂತ ಹರೆಯದಲ್ಲಿ ಪ್ರಾರ್ಥಿಸುತ್ತಿದ್ದೆ ಎಂದು ಅಗಸ್ಟಿನ್ ತಾವೇ ಒಪ್ಪಿಕೊಂಡಿದ್ದಾರೆ. ಕ್ರಿ.ಶ. 386ರಲ್ಲಿ, ಮಿಲಾನ್‌ನ ಒಂದು ತೋಟದಲ್ಲಿ ಅವರು ಅಳುತ್ತಾ ಕೂತಿದ್ದಾಗ, ತೆಗೆದು ಓದು ಅನ್ನೋ ಮಗುವಿನ ದನಿ ಕೇಳಿಸಿತು. ಅಪೊಸ್ತಲ ಪೌಲನ ಪತ್ರಿಕೆ ತೆಗೆದರೆ ಸಿಕ್ಕಿದ್ದು ರೋಮಾಪುರದವರಿಗೆ ಬರೆದದ್ದರ 13ನೇ ಅಧ್ಯಾಯದ ಕೊನೆ: ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಿರಿ, ದೇಹದ ಆಸೆಗಳಿಗೆ ಏರ್ಪಾಟು ಮಾಡಿಕೊಡಬೇಡಿರಿ. ಈ ಕಥೆಯನ್ನು ಬಹಳ ಜನ ಹೇಳುತ್ತಾರೆ. ನಮ್ಮ ಹಿರಿಯರು ಒತ್ತಿ ಹೇಳಿದ್ದು ಎರಡು ವಿಷಯ. ಒಂದು, ಆ ತೋಟದಲ್ಲಿ ಅಗಸ್ಟಿನ್ ಒಬ್ಬರೇ ಇರಲಿಲ್ಲ. ಗೆಳೆಯ ಅಲಿಪಿಯಸ್ ಜೊತೆಗಿದ್ದರು. ಓದಿದ ಕೂಡಲೇ ಅವರಿಗೆ ತೋರಿಸಿದರು. ಇನ್ನೊಂದು, ಆ ಏರ್ಪಾಟು ಅನ್ನೋ ಮಾತು. "ರಾತ್ರಿ ದಿಂಬಿನ ಪಕ್ಕ ಚಾರ್ಜರ್ ಹಾಕಿಟ್ಟಿದೀಯಲ್ಲ, ಅದೇ ಏರ್ಪಾಟು" ಅಂದರು.

ಅವತ್ತೇ ಚಾರ್ಜರ್ ಅಡುಗೆಮನೆಗೆ ಹೋಯಿತು. ಬೆಳಗ್ಗೆ ಏಳುವುದಕ್ಕೆ ಮುಳ್ಳಿನ ಅಲಾರಂ ಗಡಿಯಾರ ತಂದೆ. ರಾತ್ರಿ ಹತ್ತಕ್ಕೆ ಫೋನ್ ಅಲ್ಲಿ ಇಡಬೇಕು. ಬೆಳಗ್ಗೆ ಐದೂವರೆಗೆ ಹಿರಿಯರು ಫೋನ್ ಮಾಡುತ್ತಿದ್ದರು. "ನಿನ್ನೆ ಹೇಗಿತ್ತು?" ಅನ್ನೋ ಒಂದೇ ಪ್ರಶ್ನೆ, ಆಮೇಲೆ ಐದು ನಿಮಿಷ ಪ್ರಾರ್ಥನೆ. ಮೊದಲ ವಾರ ನಿದ್ದೆಯೇ ಬರಲಿಲ್ಲ. ಕೈ ತಾನಾಗಿ ದಿಂಬಿನ ಪಕ್ಕ ಹೋಗುತ್ತಿತ್ತು. ಅಲ್ಲಿ ಖಾಲಿ ಜಾಗ. ಆ ಖಾಲಿ ಜಾಗದ ಮೇಲೆ ಕೈ ಇಟ್ಟುಕೊಂಡೇ "ಕರ್ತನೇ, ಕರುಣಿಸು" ಅಂತ ಹೇಳುತ್ತಾ ಮಲಗಿದ ರಾತ್ರಿಗಳು ನೆನಪಿವೆ.

23ನೇ ದಿನ ಬಿದ್ದೆ. ಹೆಂಡತಿ ಮನೆಯಲ್ಲಿರಲಿಲ್ಲ. ಅಡುಗೆಮನೆಯಲ್ಲೇ ನಿಂತು ನೋಡಿದೆ. ಬೆಳಗ್ಗೆ ಫೋನ್ ಬಂದಾಗ ಎತ್ತಬಾರದು ಅಂದುಕೊಂಡೆ. ಎತ್ತಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "22 ದಿನ ದೇವರು ನಡೆಸಿದಾನೆ. ಅದು ಸುಳ್ಳಾಗಲಿಲ್ಲ. ಈಗ ಹೆಂಡತಿಗೆ ಹೇಳು" ಅಂದರು.

ಈ ಇಡೀ ದಾರಿಯಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹೇಳಿ ಮುಗಿಸಿದೆ. ಒಂದು ಟವೆಲ್ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಆಮೇಲೆ ಕೇಳಿದಳು: "ಅಂಕಲ್‌ಗೆ ಯಾವಾಗ ಹೇಳಿದ್ರಿ?"

"ಒಂದೂವರೆ ತಿಂಗಳಾಯ್ತು."

"ನನಗಿಂತ ಮೊದಲು ಅವರಿಗೆ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹತ್ತು ದಿನ ಅವಳು ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದಳು. ಕ್ಷಮಿಸಬೇಕು ಅಂತ ವಾಕ್ಯ ತೋರಿಸಿ ಅವಳನ್ನು ಅವಸರ ಮಾಡಬೇಡ ಅಂತ ಹಿರಿಯರು ಎಚ್ಚರಿಸಿದ್ದರು. ಅದನ್ನು ಪಾಲಿಸಿದ್ದು ಒಳ್ಳೆಯದಾಯಿತು. ಹನ್ನೊಂದನೇ ದಿನ ರಾತ್ರಿ ಹತ್ತಕ್ಕೆ ಅವಳೂ ತನ್ನ ಫೋನ್ ತಂದು ನನ್ನ ಫೋನಿನ ಪಕ್ಕ ಇಟ್ಟಳು. ಏನೂ ಹೇಳಲಿಲ್ಲ.

ಇದಾದ ಮೇಲೆ ನನ್ನಿಂದ ಬೇರೆ ಥರದ ತಪ್ಪಾಯಿತು. ಗೆಲುವಿನ ರುಚಿ ಹತ್ತಿದವನಿಗೆ ಇನ್ನಷ್ಟು ಬಿಡಬೇಕು ಅನಿಸುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಲೆಂಟ್, ಬಂತು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಕರ್ತನು ಅಡವಿಯಲ್ಲಿ ಉಪವಾಸ ಇದ್ದ 40 ದಿನಗಳ ನೆನಪಿಗೆ. ನಾನು ಒಂದೇ ಹೊತ್ತು ಊಟ ಅಂದೆ. ಅದು ನನ್ನೊಬ್ಬನದು, ಇರಲಿ. ಟಿವಿ ಬಂದ್ ಮಾಡಿಸಿದೆ. ರಜೆಗೆ ಎಲ್ಲರೂ ಹೋಗಬೇಕೆಂದು ಮೊದಲೇ ಮಾತಾಗಿದ್ದ ಪ್ರವಾಸ ಬೇಡ ಅಂದೆ. ಮಕ್ಕಳು ಜೋರಾಗಿ ನಕ್ಕರೂ ಗದರುತ್ತಿದ್ದೆ. ಹಸಿವಿಗೆ ಸಿಟ್ಟು ಬರುತ್ತಿತ್ತು, ಅದನ್ನು ಭಕ್ತಿ ಅಂದುಕೊಂಡಿದ್ದೆ. ಒಂದು ಸಂಜೆ ಚಿಕ್ಕ ಮಗಳು ಅಮ್ಮನ ಕಿವಿಯಲ್ಲಿ, "ಅಪ್ಪನ ಉಪವಾಸ ಯಾವಾಗ ಮುಗಿಯತ್ತೆ?" ಅಂತ ಕೇಳಿದ್ದು ನನಗೆ ಕೇಳಿಸಿತು. ಅವತ್ತು ರಾತ್ರಿ ಹೆಂಡತಿ ಅಂದಳು: "ಬಿಟ್ಟಿದ್ದು ನೀವು ರೀ, ಕಳ್ಕೊಂಡಿದ್ದು ನಾವು."

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ ಕೊನೆಯನ್ನು ಆ ವಾರ ಓದಿದೆ. ಮುಟ್ಟಬೇಡ, ರುಚಿ ನೋಡಬೇಡ ಅನ್ನುವ ಕಟ್ಟಳೆಗಳು, ದೇಹವನ್ನು ದಂಡಿಸುವುದು, ಇವೆಲ್ಲ ನೋಡಲು ಜ್ಞಾನದ ಹಾಗೆ ಕಾಣುತ್ತವೆ, ಆದರೆ ಶರೀರದ ಆಸೆಯನ್ನು ಅಡಗಿಸುವುದಕ್ಕೆ ಪ್ರಯೋಜನವಿಲ್ಲ ಅಂತ ಪೌಲ ನೇರವಾಗಿ ಬರೆದಿದ್ದಾನೆ. ತಿಮೊಥೆಗೆ ಬರೆದ ಮೊದಲ ಪತ್ರಿಕೆಯಲ್ಲಂತೂ ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾನೆ ಅಂತಲೇ ಇದೆ. ಸುಖವನ್ನು ಕೊಟ್ಟವನೇ ಅವನು. ಅವನನ್ನು ಬಿಟ್ಟು ಸುಖವನ್ನು ಹಿಡಿದದ್ದು ನನ್ನ ಪಾಪ. ಈಗ ಅವನನ್ನೇ ಮರೆತು ನನ್ನ ತ್ಯಾಗವನ್ನು ಹಿಡಿದುಕೊಂಡಿದ್ದೆ. ಮನೆಯವರ ಹತ್ತಿರ ಕ್ಷಮೆ ಕೇಳಿದೆ. ಪ್ರವಾಸಕ್ಕೆ ಹೋದೆವು. ಹುಡುಗಿ ದಾರಿಯುದ್ದಕ್ಕೂ ಹಾಡುತ್ತಿದ್ದಳು, ಒಂದು ಸಲವೂ ತಡೆಯಲಿಲ್ಲ.

ನಿಜವಾದ ಪರೀಕ್ಷೆ ಎಂಟನೇ ತಿಂಗಳಲ್ಲಿ, ನಾನು ಕಾಯದೇ ಇದ್ದ ಕಡೆಯಿಂದ ಬಂತು.

ಕೆಲಸದಲ್ಲಿ ಬಡ್ತಿಯ ಮಾತು ಬಂತು. ಸಂಬಳ ಒಂದೂವರೆ ಪಟ್ಟು ಆಗುತ್ತಿತ್ತು. ದೊಡ್ಡ ಮನೆ, ಮಕ್ಕಳ ಓದು ಅಂತ ಮನಸ್ಸು ಲೆಕ್ಕ ಹಾಕತೊಡಗಿತು. ಆ ಹುದ್ದೆಯಲ್ಲಿ ಒಂದು ರೂಢಿ ಇತ್ತು. ಆಗದೇ ಇರುವ ಕೆಲಸಕ್ಕೆ ಆಗಿದೆ ಅಂತ ತಿಂಗಳಿಗೊಮ್ಮೆ ಸಹಿ ಹಾಕಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಆ ರಾತ್ರಿ ಹಳೆಯ ಮಾತು ಮತ್ತೆ ಬಂತು, ಈ ಸಲ ಹೆಂಡತಿ ಮಕ್ಕಳ ಹೆಸರು ಹಿಡಿದುಕೊಂಡು. ಇಷ್ಟು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದೀಯ, ಅವರಿಗೋಸ್ಕರ ಇಷ್ಟಾದರೂ ಬೇಡ್ವಾ?

ಆ ದಿನಗಳಲ್ಲಿ ಶನಿವಾರದ ಗುಂಪಿನಲ್ಲಿ ವಾರಕ್ಕೊಬ್ಬ ಭಕ್ತರ ಬದುಕು ನೋಡುತ್ತಿದ್ದೆವು. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಬಗ್ಗೆ ಮಾತಾಡಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ದೇವರ ಆರಾಧನೆಯ ದಿನವಾದ ಭಾನುವಾರ ಬಿದ್ದಿದ್ದರಿಂದ ಅವರು ಓಡಲಿಲ್ಲ. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಬಹಳ ಜನ ಅದನ್ನು ಆ ದಿನ, ಆ ಗಳಿಗೆಯಲ್ಲಿ ತೆಗೆದುಕೊಂಡ ತೀರ್ಮಾನ ಅಂದುಕೊಳ್ಳುತ್ತಾರೆ. ವೇಳಾಪಟ್ಟಿ ಅವರಿಗೆ ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಆಗಲೇ ಬೇಡ ಅಂದು, 400 ಮೀಟರ್‌ಗೆ ತಯಾರಿ ಮಾಡಿಕೊಂಡಿದ್ದರು. ಮರುವರ್ಷವೇ ಓಟದ ಹೆಸರು, ಕೀರ್ತಿ ಬಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೋದರು. 1945ರ ಫೆಬ್ರವರಿಯಲ್ಲಿ ಜಪಾನೀಯರ ಸೆರೆಶಿಬಿರದಲ್ಲಿ ತೀರಿಕೊಂಡಾಗ ವಯಸ್ಸು 43.

ನಾನೂ ಮುಂಚೆಯೇ ತೀರ್ಮಾನ ಮಾಡಿಕೊಳ್ಳಬೇಕಿತ್ತು. ಪೆನ್ನು ಕೈಗೆ ಬಂದ ಮೇಲೆ ಬಲ ಸಾಲುವುದಿಲ್ಲ. ಆದರೆ ಹೇಗೆ ಹೇಳುವುದು ಅನ್ನೋದೂ ಮುಖ್ಯ ಅಂತ, ಬೈಬಲ್‌ನಲ್ಲಿ ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನಿಂದ ಕಲಿತೆ. ಅರಸನ ಊಟದಿಂದ ಅಶುದ್ಧನಾಗಬಾರದು ಅಂತ ಮೊದಲು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ. ಆಮೇಲೆ ಹೋಗಿ ಕೂಗಾಡಲಿಲ್ಲ. ಅಧಿಕಾರಿಯ ಹತ್ತಿರ ವಿನಂತಿ ಮಾಡಿದ. ಹತ್ತು ದಿನ ಪರೀಕ್ಷಿಸಿ ನೋಡಿ ಅಂತ ಬೇರೆ ದಾರಿಯನ್ನೂ ತೋರಿಸಿದ.

ನಾನೂ ಹೆಂಡತಿಯೂ ಕೂತು ಲೆಕ್ಕ ಹಾಕಿದೆವು. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಎಣಿಸುವುದಿಲ್ಲವೇ ಅಂತ ಯೇಸು ಕೇಳಿದ್ದಾನಲ್ಲ, ಹಾಗೆ. ದೊಡ್ಡ ಮನೆ ಆಗಲ್ಲ. ಹಳೇ ಕಾರೇ ಇರಲಿ. ಕೆಲಸವೇ ಹೋದರೆ ಎಷ್ಟು ತಿಂಗಳು ನಡೆಯತ್ತೆ? ಹೆಂಡತಿ ಎಲ್ಲವನ್ನೂ ಹಾಳೆಯ ಮೇಲೆ ಬರೆದಳು. ಕೊನೆಗೆ ಹಾಳೆ ನನ್ನ ಕಡೆ ತಿರುಗಿಸಿ, "ಈ ಸಲ ಮೊದಲೇ ಕೇಳಿದ್ರಲ್ಲ, ಅದು ಸಾಕು. ಹೋಗಿ ಹೇಳಿ ಬನ್ನಿ" ಅಂದಳು.

ಮೇಲಧಿಕಾರಿಯ ಎದುರು ಕೂತಾಗ ನನ್ನ ಅಂಗೈ ಒದ್ದೆಯಾಗಿತ್ತು. "ಸರ್, ಕೆಲಸ ಖುಷಿಯಿಂದ ಮಾಡ್ತೀನಿ. ಆಗಿರೋ ಕೆಲಸಕ್ಕೆ ಮಾತ್ರ ಸಹಿ ಹಾಕ್ತೀನಿ. ಮೂರು ತಿಂಗಳು ಕೊಟ್ಟು ನೋಡಿ, ನಿಜವಾದ ಲೆಕ್ಕದಲ್ಲೇ ಕೆಲಸ ಮುಗಿಸಿ ತೋರಿಸ್ತೀನಿ" ಅಂದೆ. ಅವರು ಕಂಪ್ಯೂಟರ್ ನೋಡುತ್ತಲೇ ತಲೆ ಆಡಿಸಿದರು. ಒಂದು ವಾರದ ಮೇಲೆ ಆ ಜಾಗ ಬೇರೆಯವರಿಗೆ ಹೋಯಿತು. ಆ ವರ್ಷ ನನಗೆ ಸಂಬಳವೂ ಏರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವರು ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿ ಹೇಳುವಾಗ ನಾವು ಗಂಡಸರು ಸಾಮಾನ್ಯವಾಗಿ, ಅದನ್ನು ಬಿಟ್ಟೆ, ದೇವರು ಇದಕ್ಕಿಂತ ದೊಡ್ಡದು ಕೊಟ್ಟ ಅಂತ ಮುಗಿಸುತ್ತೇವೆ. ನನಗೆ ಬೇರೆ ಬಡ್ತಿ ಬರಲಿಲ್ಲ. ಈಜಿಪ್ಟಿನಲ್ಲಿ ಗುಲಾಮನಾಗಿದ್ದ ಯೋಸೇಫನು, ತನ್ನನ್ನು ಪಾಪಕ್ಕೆ ಕರೆದ ಯಜಮಾನ ಪೋಟೀಫರನ ಹೆಂಡತಿಯ ಕೈಯಲ್ಲಿ ಬಟ್ಟೆ ಬಿಟ್ಟು ಓಡಿದ್ದಕ್ಕೆ ಸಿಕ್ಕಿದ್ದು ಸೆರೆಮನೆ. ಸೆರೆಯಲ್ಲಿ ಜೊತೆಗಿದ್ದ ಅರಸನ ಪಾನದಾಯಕನ ಕನಸಿಗೆ ಅರ್ಥ ಹೇಳಿದ ಮೇಲೂ ಪೂರ್ತಿ ಎರಡು ವರ್ಷ ಅಲ್ಲೇ ಇದ್ದ. ಆ ಎರಡು ವರ್ಷಗಳ ಬಗ್ಗೆ ಬೈಬಲ್‌ನಲ್ಲಿ ಒಂದು ಸಾಲು ಕೂಡ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಬದುಕುವುದು ಆ ಬರೆಯದೇ ಬಿಟ್ಟ ಎರಡು ವರ್ಷಗಳಲ್ಲೇ. ನನಗೆ ಸಿಕ್ಕಿದ್ದು ಇಷ್ಟು: ಮನೆಗೆ ಬಂದು ಬಾಗಿಲು ತೆಗೆದಾಗ ಯಾವುದನ್ನೂ ಬಚ್ಚಿಡಬೇಕಾಗಿರಲಿಲ್ಲ. ಫೋನ್ ಯಾರ ಕೈಯಲ್ಲಿದ್ದರೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ದೇವರು ಹತ್ತಿರ ಇದ್ದಾನೆ ಅನಿಸುತ್ತಿತ್ತು. ಎಷ್ಟೋ ವರ್ಷ ಅದು ಅನಿಸಿರಲೇ ಇಲ್ಲ.

ಆದರೂ ದೇಮನನ್ನು ಮರೆಯಲಾರೆ. ಕೊಲೊಸ್ಸೆಯವರಿಗೆ ಮತ್ತು ಫಿಲೆಮೋನನಿಗೆ ಬರೆದ ಪತ್ರಿಕೆಗಳಲ್ಲಿ ಪೌಲನ ಜೊತೆ, ಲೂಕನ ಹೆಸರಿನ ಪಕ್ಕದಲ್ಲೇ ಅವನ ಹೆಸರೂ ಇದೆ. ತಿಮೊಥೆಗೆ ಬರೆದ ಎರಡನೇ ಪತ್ರಿಕೆಯಲ್ಲಿ, ಇಹಲೋಕದ ಮೇಲಿನ ಪ್ರೀತಿಯಿಂದ ನನ್ನನ್ನು ಬಿಟ್ಟು ಥೆಸಲೋನಿಕಕ್ಕೆ ಹೋದ ಅಂತಿದೆ. ಯಾವುದೋ ಭಯಂಕರ ಪಾಪ ಮಾಡಿದ ಅಂತ ಬರೆದಿಲ್ಲ. ಸುಮ್ನೆ ಹೊರಟುಹೋದ.

ಕಳೆದ ಚಳಿಗಾಲದಲ್ಲಿ ಹಿರಿಯರು ಹಾಸಿಗೆ ಹಿಡಿದರು. ರಾತ್ರಿ ಪಕ್ಕದಲ್ಲಿ ಒಬ್ಬರು ಬೇಕಿತ್ತು. ಶನಿವಾರದ ಗುಂಪಿನವರು ಸರದಿ ಹಾಕಿಕೊಂಡೆವು. ನನ್ನದು ಗುರುವಾರ. ಒಂದು ಗುರುವಾರ ಕೆಲಸ ಮುಗಿಸಿ ಬರುವಷ್ಟರಲ್ಲಿ ಸಾಕಾಗಿಹೋಗಿತ್ತು. ಹೊರಗೆ ಮೈ ಕೊರೆಯುವ ಚಳಿ. ಹಾಸಿಗೆ ಮೇಲೆ ಕಂಬಳಿ ಮಡಿಸಿಟ್ಟಿತ್ತು. ಒಂದು ರಾತ್ರಿ ಬೆಚ್ಚಗೆ ಮಲಗೋದು ಪಾಪ ಅಲ್ಲವಲ್ಲ. ಬೇರೆ ಯಾರಿಗಾದರೂ ಫೋನ್ ಮಾಡಿದರೆ ಹೋಗುತ್ತಾರೆ. ಇಷ್ಟಾದರೂ ಬೇಡ್ವಾ ನನಗೆ ಅಂತ ಆ ಮಾತು ಮತ್ತೆ ಬಂತು, ಹಳೇ ಪರಿಚಯದವರ ಹಾಗೆ ಮೆತ್ತಗೆ. ಸ್ವಲ್ಪ ಹೊತ್ತು ಮಂಚದ ಅಂಚಿನಲ್ಲಿ ಕೂತಿದ್ದೆ. ಆಮೇಲೆ ಸ್ವೆಟರ್ ಹಾಕಿಕೊಂಡೆ.

ನಾನು ಹೋದಾಗ ಅವರು ಎಚ್ಚರವಾಗಿದ್ದರು. ನೀರು ಕುಡಿಸಿದೆ. ಹೊದಿಕೆ ಸರಿಮಾಡಿದೆ. "ಓದಪ್ಪಾ ಏನಾದರೂ" ಅಂದರು. 16ನೇ ಕೀರ್ತನೆ ತೆಗೆದೆ. ಅವರು ಕಣ್ಣು ಮುಚ್ಚಿಕೊಂಡು, ನನ್ನ ಜೊತೆಗೇ ತುಟಿ ಆಡಿಸುತ್ತಿದ್ದರು. ಆರನೇ ವಚನದ ಹೊತ್ತಿಗೆ ತುಟಿ ನಿಂತಿತು, ಉಸಿರು ಉದ್ದವಾಯಿತು. ಕೊನೆಯ ವಚನಕ್ಕೆ ಬಂದೆ. ನಿನ್ನ ಸಮ್ಮುಖದಲ್ಲಿ ಸಂಪೂರ್ಣ ಸಂತೋಷ, ನಿನ್ನ ಬಲಗೈಯಲ್ಲಿ ಎಂದೆಂದಿಗೂ ಇರುವ ಸುಖ. ಅವರಿಗೆ ನಿದ್ದೆ ಹತ್ತಿದ್ದರೂ ಆ ಸಾಲನ್ನು ಇನ್ನೊಂದು ಸಲ ಓದಿದೆ.